ಪರದೆ ಕಪ್ಪಾದರೆ ಕಂಪ್ಯೂಟರ್ ಸತ್ತಂತೆಯೇ?

ಮನೆಯ ಕಂಪ್ಯೂಟರ್ ಕೆಟ್ಟಿದೆ ಎನ್ನುವವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: "ಸ್ಕ್ರೀನ್‌ನಲ್ಲಿ ಏನೂ ಬರುತ್ತಿಲ್ಲ". ನಮ್ಮ ಪಾಲಿಗೆ ಕಂಪ್ಯೂಟರ್ ಎಂದರೆ ಅದರ ಪರದೆಯೇ. ಅದು ಕಪ್ಪಾದೊಡನೆ ಯಂತ್ರವೇ ಸತ್ತಿತೆಂದು ಭಾವಿಸಿ ಇಡೀ ಪೆಟ್ಟಿಗೆಯನ್ನು ರಿಕ್ಷಾದಲ್ಲಿಟ್ಟು ಅಂಗಡಿಗೆ ಒಯ್ಯುತ್ತೇವೆ. "ಬಿಟ್ಟು ಹೋಗಿ, ಫಾರ್ಮ್ಯಾಟ್ ಮಾಡಬೇಕಾದೀತು" ಎಂದು ಅಂಗಡಿಯವನು ಹೇಳುತ್ತಾನೆ. ಅದೇನೆಂದು ಕೇಳದೆಯೇ ನಾವು ತಲೆಯಾಡಿಸುತ್ತೇವೆ. ಮಗಳ ನಿಕಾಹ್‌ನ ಫೋಟೋಗಳು, ಹಜ್ಜ್‌ಗೆ ಹೋಗಿದ್ದ ತಂದೆಯವರ ವೀಡಿಯೋ, ಮನೆಯಲ್ಲಿ ಕುಳಿತು ಬಟ್ಟೆ ಹೊಲಿಯುವ ಸಹೋದರಿಯ ಎರಡು ವರ್ಷದ ಲೆಕ್ಕ - ಎಲ್ಲವೂ ಆ ತಲೆಯಾಡಿಕೆಯಲ್ಲಿ ಅಳಿಸಿ ಹೋಗುತ್ತವೆ. ಅಳಿಸಿ ಹೋಗಲಿಲ್ಲವೆಂದೇ ಇಟ್ಟುಕೊಳ್ಳೋಣ. ಮನೆಯ ಹೆಣ್ಣುಮಕ್ಕಳ ಚಿತ್ರಗಳಿರುವ ಡಿಸ್ಕ್ ಎರಡು ಮೂರು ದಿನ ಯಾರ ಯಾರ ಮೇಜಿನ ಮೇಲೆ ತೆರೆದು ಬಿದ್ದಿತ್ತು ಎಂಬುದು ನಮಗೆ ತಿಳಿಯುವುದೇ ಇಲ್ಲ.

ಆದರೆ ಪರದೆಯ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಈ ಡಿಸ್ಕ್‌ನೊಂದಿಗೆ ಸಂಬಂಧವೇ ಇರುವುದಿಲ್ಲ. ಡಿಸ್ಕನ್ನು ಪೂರ್ತಿ ಬಿಚ್ಚಿ ತೆಗೆದಿಟ್ಟ ಕಂಪ್ಯೂಟರ್ ಕೂಡಾ ಆನ್ ಮಾಡಿದಾಗ ತಯಾರಕರ ಲಾಂಛನವನ್ನು ತೋರಿಸುತ್ತದೆ. ಡಿಸ್ಕ್ ಸಿಗಲಿಲ್ಲ ಎಂಬ ದೂರನ್ನು ಕೂಡಾ ಅದು ಪರದೆಯ ಮೇಲೆಯೇ ಬರೆದು ತೋರಿಸುತ್ತದೆ! ಆದ್ದರಿಂದ ಆರಂಭದ ಲಾಂಛನವೂ ಬಾರದ ಯಂತ್ರಕ್ಕೆ ಫಾರ್ಮ್ಯಾಟ್ ಮಾಡುವುದೆಂದರೆ ಹಲ್ಲುನೋವಿಗೆ ಮೊಣಕಾಲಿಗೆ ಪಟ್ಟಿ ಕಟ್ಟಿದ ಹಾಗೆ. ಈ ಒಂದು ವಿಷಯ ತಿಳಿದಿದ್ದರೆ ಅಂಗಡಿಯಲ್ಲಿ ನಾವು ಕೇಳುವ ಪ್ರಶ್ನೆಯೇ ಬೇರೆಯಾಗಿರುತ್ತದೆ.

ಚಿತ್ರವು ನಮ್ಮ ಕಣ್ಣಿಗೆ ತಲಪುವ ದಾರಿಯನ್ನು ಸ್ವಲ್ಪ ನೋಡೋಣ. ಪ್ರೊಸೆಸರ್‌ನೊಳಗಿನ ಅಥವಾ ಬೇರೆಯಾಗಿ ಕೂರಿಸಿದ ಗ್ರಾಫಿಕ್ಸ್ ಚಿಪ್ ಚಿತ್ರವನ್ನು ರಚಿಸುತ್ತದೆ. ವಿಂಡೋಸ್‌ಗೂ ಆ ಚಿಪ್‌ಗೂ ನಡುವೆ 'ಡ್ರೈವರ್' ಎಂಬ ತಂತ್ರಾಂಶವು ದುಭಾಷಿಯ ಕೆಲಸ ಮಾಡುತ್ತದೆ. ರಚನೆಯಾದ ಚಿತ್ರವನ್ನು ಕೇಬಲ್ ಹೊತ್ತು ತರುತ್ತದೆ. ಮಾನಿಟರ್‌ನೊಳಗಿನ ಬೋರ್ಡ್ ಅದನ್ನು ಗಾಜಿನ ಮೇಲೆ ಹರಡುತ್ತದೆ. ಗಾಜಿನ ಹಿಂದಿನಿಂದ ಒಂದು ದೀಪ ಅದಕ್ಕೆ ಬೆಳಕು ಕೊಡುತ್ತದೆ. ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ನಮಗೆ ಕಾಣುವುದು ಕತ್ತಲೆಯೇ. ಹುಡುಕುವಾಗ ಹೊರಗಿನಿಂದ ಒಳಗೆ ಹೋಗಬೇಕು, ಖರ್ಚಿಲ್ಲದ ಕಡೆಯಿಂದ ಖರ್ಚಿನ ಕಡೆಗೆ. ಅಂಗಡಿಗಳಲ್ಲಿ ಅನೇಕ ವೇಳೆ ಇದು ತಲೆಕೆಳಗಾಗಿ ನಡೆಯುತ್ತದೆ.

ಕಂಪ್ಯೂಟರ್ ಬದುಕಿದೆಯೇ?

ಮೊದಲು ಕೀಲಿಮಣೆಯ 'ಕ್ಯಾಪ್ಸ್ ಲಾಕ್' ಒತ್ತಿರಿ. ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ಬದುಕಿದೆ, ಚಿತ್ರ ಮಾತ್ರ ಬರುತ್ತಿಲ್ಲ. ವಿಂಡೋಸ್ ತೆರೆಯುವ ಸದ್ದು ಕೇಳಿಸಿದರೂ ಅದೇ ಅರ್ಥ. ಆಮೇಲೆ ಮಾನಿಟರ್‌ನ ದೀಪ ನೋಡಿರಿ. ದೀಪವೇ ಇಲ್ಲವಾದರೆ ವಿದ್ಯುತ್ ಬರುತ್ತಿಲ್ಲ. ಪ್ಲಗ್ಗು, ಎಕ್ಸ್‌ಟೆನ್ಶನ್ ಬೋರ್ಡು, ಯುಪಿಎಸ್ ಇಷ್ಟನ್ನು ನೋಡಿದರೆ ಸಾಕು. ದೀಪವಿದ್ದು ಕೇಸರಿ ಬಣ್ಣದಲ್ಲಿ ಮಿನುಗುತ್ತಿದ್ದರೆ ಮಾನಿಟರ್ ಸರಿಯಾಗಿಯೇ ಇದ್ದು ಚಿತ್ರಕ್ಕಾಗಿ ಕಾಯುತ್ತಿದೆ ಎಂದೇ ಹೆಚ್ಚಾಗಿ ತಿಳಿಯಬಹುದು.

ಇನ್ನೊಂದು ಪರೀಕ್ಷೆ. ಮಾನಿಟರ್‌ನಿಂದ ಚಿತ್ರದ ಕೇಬಲನ್ನು ಕಳಚಿ, ವಿದ್ಯುತ್ ತಂತಿಯನ್ನು ಹಾಗೆಯೇ ಬಿಟ್ಟು ಮಾನಿಟರನ್ನು ಆನ್ ಮಾಡಿರಿ. 'ನೋ ಸಿಗ್ನಲ್' ಅಥವಾ ಕೇಬಲ್ ಪರೀಕ್ಷಿಸಿ ಎಂಬ ಬರಹ ಸ್ವಚ್ಛವಾಗಿ ಮೂಡಿದರೆ ಗಾಜು, ದೀಪ, ಒಳಗಿನ ಬೋರ್ಡು ಎಲ್ಲವೂ ಕ್ಷೇಮ. ಆ ಬರಹದ ಮೇಲೆಯೂ ಗೆರೆಗಳು ಹಾದಿದ್ದರೆ ತಪ್ಪು ಮಾನಿಟರ್‌ನದ್ದೇ. ಆಗ ಕಂಪ್ಯೂಟರ್ ಪೆಟ್ಟಿಗೆಯನ್ನು ಯಾರೂ ಬಿಚ್ಚಬೇಕಾಗಿಲ್ಲ.

ಚಿತ್ರ ಬರುತ್ತದೆ, ಆದರೆ ಗೆರೆ ಗೆರೆಯಾಗಿ ಬರುತ್ತದೆ ಎನ್ನುವವರಿಗೆ ಇನ್ನೂ ಸುಲಭದ ಉಪಾಯವಿದೆ. 'ಪ್ರಿಂಟ್ ಸ್ಕ್ರೀನ್' ಕೀಲಿಯಿಂದ ಪರದೆಯ ಚಿತ್ರ ತೆಗೆದು, ಅದನ್ನು ಮೊಬೈಲ್‌ಗೆ ಕಳುಹಿಸಿ ನೋಡಿರಿ. ಮೊಬೈಲ್‌ನಲ್ಲೂ ಗೆರೆ ಕಂಡರೆ ದೋಷ ಕಂಪ್ಯೂಟರ್‌ನೊಳಗೆ, ಅಂದರೆ ಗ್ರಾಫಿಕ್ಸ್ ಅಥವಾ ಡ್ರೈವರ್‌ನಲ್ಲಿದೆ. ಅಲ್ಲಿ ಚಿತ್ರ ನಿರ್ಮಲವಾಗಿದ್ದರೆ ಮೊದಲ ಸಂಶಯ ಕೇಬಲ್ ಮತ್ತು ಮಾನಿಟರ್ ಮೇಲೆ. ಪರದೆಗೇ ಮೊಬೈಲ್ ಹಿಡಿದು ತೆಗೆದ ಫೋಟೋ ಇದಕ್ಕೆ ಪ್ರಯೋಜನವಿಲ್ಲ.

ಮನೆಯಲ್ಲಿ ಟಿವಿ ಇದ್ದರೆ ಅದೇ ಒಳ್ಳೆಯ ಸಾಕ್ಷಿ. ಎಚ್‌ಡಿಎಂಐ ಕೇಬಲ್‌ನಿಂದ ಕಂಪ್ಯೂಟರನ್ನೋ ಲ್ಯಾಪ್‌ಟಾಪನ್ನೋ ಟಿವಿಗೆ ಜೋಡಿಸಿರಿ. ಟಿವಿಯಲ್ಲಿ ಸರಿಯಾದ ಚಿತ್ರ ಬಂದರೆ ಕಂಪ್ಯೂಟರ್‌ನ ಒಳಗೆ ಎಲ್ಲವೂ ಹೆಚ್ಚು ಕಡಿಮೆ ಸರಿಯಿದೆ. ಲ್ಯಾಪ್‌ಟಾಪ್‌ನ ಮುಚ್ಚಳವನ್ನು ಹಿಂದೆ ಮುಂದೆ ಮಾಡುವಾಗ ಚಿತ್ರ ಬಂದು ಹೋಗುತ್ತಿದ್ದರೆ, ಕೀಲಿನ ಬಳಿ ಹಾದು ಹೋಗುವ ಚಪ್ಪಟೆ ಕೇಬಲ್ ಸವೆದಿದೆ ಎಂದು ತಿಳಿಯಬಹುದು. ಬದಲಿಸಬೇಕಾದುದು ಆ ಕೇಬಲ್, ಇಡೀ ಪರದೆಯಲ್ಲ.

ಬಣ್ಣವೇ ಹೇಳುವ ಕಥೆ

ಹಳೆಯ ನೀಲಿ ತುದಿಯ ವಿಜಿಎ ಕೇಬಲ್ ಇನ್ನೂ ಎಷ್ಟೋ ಮನೆ, ಶಾಲೆ, ಮದ್ರಸಾಗಳಲ್ಲಿದೆ. ಐಬಿಎಂ ಕಂಪೆನಿಯು 1987ರಲ್ಲಿ ತಂದ ಈ ವ್ಯವಸ್ಥೆಯ ಒಂದು ಗುಣವೆಂದರೆ, ಕೆಂಪು, ಹಸಿರು ಮತ್ತು ನೀಲಿ ಬಣ್ಣಗಳು ಬೇರೆ ಬೇರೆ ಸೂಜಿಗಳ ಮೂಲಕ ಹಾದು ಬರುತ್ತವೆ. ಹೀಗಾಗಿ ಕೇಬಲ್ ಸಡಿಲವಾದರೆ ಚಿತ್ರ ಪೂರ್ತಿ ಹೋಗಬೇಕೆಂದಿಲ್ಲ, ಒಂದು ಬಣ್ಣ ಮಾತ್ರ ಹೋಗಬಹುದು. ಪರದೆಯ ಬಿಳಿ ಭಾಗ ಹಳದಿಯಾಗಿದ್ದರೆ ನೀಲಿ ಬರುತ್ತಿಲ್ಲ. ಬಿಳಿಯು ನೇರಳೆ ಮಿಶ್ರಿತ ಗುಲಾಬಿಯಾಗಿದ್ದರೆ ಹಸಿರು ಬರುತ್ತಿಲ್ಲ. ತಿಳಿ ಹಸಿರು-ನೀಲಿಯಾಗಿದ್ದರೆ ಕೆಂಪು ಹೋಗಿದೆ. ಇಂತಹ 'ಹಳದಿ ಕಾಮಾಲೆ' ಹಿಡಿದ ಮಾನಿಟರನ್ನು ಹಳತಾಯಿತೆಂದು ಗುಜರಿಗೆ ಕೊಟ್ಟು ಹೊಸತು ತಂದವರಿದ್ದಾರೆ. ಅವರಿಗೆ ಬೇಕಾಗಿದ್ದುದು ಕೇಬಲನ್ನು ಕಳಚಿ ನೋಡಿ, ಬಾಗಿದ ಸೂಜಿಯನ್ನು ನಿಧಾನವಾಗಿ ನೆಟ್ಟಗೆ ಮಾಡಿ, ಎರಡೂ ಬದಿಯ ತಿರುಪನ್ನು ಬಿಗಿ ಮಾಡುವುದು ಮಾತ್ರ. ಅದೂ ಆಗದಿದ್ದರೆ ಹೊಸ ಕೇಬಲ್‌ಗೆ ನೂರಿನ್ನೂರು ರೂಪಾಯಿ. ಅಂದ ಹಾಗೆ, ಹದಿನೈದು ಸೂಜಿಗಳಿರಬೇಕಾದಲ್ಲಿ ನಡುವಿನ ಸಾಲಿನಲ್ಲಿ ಒಂದು ಕಾಣೆಯಾಗಿದ್ದರೆ ಗಾಬರಿ ಬೇಡ. ಒಂಬತ್ತನೆಯ ಸೂಜಿಯಿಲ್ಲದೆಯೇ ಅನೇಕ ಕೇಬಲ್‌ಗಳು ಕಾರ್ಖಾನೆಯಿಂದ ಬರುತ್ತವೆ.

ಇನ್ನೊಂದು ಸಂಗತಿ. ಬೇರೆಯಾಗಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಪೆಟ್ಟಿಗೆಯ ಹಿಂಭಾಗದಲ್ಲಿ ಎರಡು ಕಡೆ ಚಿತ್ರದ ಕೇಬಲ್ ಸಿಕ್ಕಿಸುವ ಜಾಗ ಇರುತ್ತದೆ. ಮೇಲ್ಭಾಗದಲ್ಲಿ ಯುಎಸ್‌ಬಿ ತೂತುಗಳ ಜೊತೆಗಿರುವುದು ಮದರ್‌ಬೋರ್ಡ್‌ನದ್ದು, ಕೆಳಗೆ ಅಡ್ಡವಾಗಿರುವುದು ಕಾರ್ಡ್‌ನದ್ದು. ಗುಡಿಸಿ ಒರೆಸಿ ಮತ್ತೆ ಜೋಡಿಸುವಾಗ ಮೇಲಿನದಕ್ಕೆ ಸಿಕ್ಕಿಸಿದರೆ ಪರದೆ ಕಪ್ಪಾಗಿಯೇ ಇದ್ದೀತು. ಹಬ್ಬದ ಮುನ್ನಾದಿನ ಮನೆ ಸ್ವಚ್ಛ ಮಾಡಿದ ಮೇಲೆ 'ಕೆಟ್ಟು ಹೋದ' ಕಂಪ್ಯೂಟರ್‌ಗಳ ರಹಸ್ಯ ಅನೇಕ ಸಲ ಇಷ್ಟೇ.

ದೀಪ ಆರಿದ ಪರದೆ

ಪರದೆ ಪೂರ್ತಿ ಕಪ್ಪು, ಆದರೆ ಕಂಪ್ಯೂಟರ್ ಬದುಕಿದೆ. ಕೋಣೆಯ ಬೆಳಕು ಆರಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ಪರದೆಯನ್ನು ಹತ್ತಿರದಿಂದ ನೋಡಿರಿ. ಐಕಾನ್‌ಗಳೋ ಅಕ್ಷರಗಳೋ ನೆರಳಿನಂತೆ ಕಂಡರೆ ಚಿತ್ರ ಅಲ್ಲಿಯೇ ಇದೆ, ಹಿಂದಿನ ದೀಪ ಮಾತ್ರ ಉರಿಯುತ್ತಿಲ್ಲ. ಆನ್ ಮಾಡಿದಾಗ ಎರಡು ಸೆಕೆಂಡ್ ಚಿತ್ರ ಬಂದು ಆರಿ ಹೋಗುವುದು, ಚಳಿಯ ಬೆಳಿಗ್ಗೆ ಹತ್ತಾರು ಸಲ ಮಿನುಗಿ ಆಮೇಲೆ ನಿಲ್ಲುವುದು - ಇವೂ ಇದೇ ಕಾಯಿಲೆಯ ಲಕ್ಷಣಗಳು. ಹಳೆಯ ಎಲ್‌ಸಿಡಿ ಮಾನಿಟರ್‌ಗಳಲ್ಲಿ ವಿದ್ಯುತ್ ಬೋರ್ಡ್ ಮೇಲಿನ ಕೆಪ್ಯಾಸಿಟರ್‌ಗಳ ತಲೆ ಉಬ್ಬಿರುವುದು ಇದಕ್ಕೆ ಸಾಮಾನ್ಯ ಕಾರಣ. 2000ದ ದಶಕದ ಮೊದಲ ವರ್ಷಗಳಲ್ಲಿ ಜಗತ್ತಿನಾದ್ಯಂತ ಕಳಪೆ ಕೆಪ್ಯಾಸಿಟರ್‌ಗಳು ಮದರ್‌ಬೋರ್ಡ್‌ಗಳಿಗೂ ಮಾನಿಟರ್‌ಗಳಿಗೂ ಸೇರಿ ದೊಡ್ಡ ತಲೆನೋವಾಗಿದ್ದವು. ಆ ಬಿಡಿಭಾಗದ ಬೆಲೆ ಕೆಲವೇ ರೂಪಾಯಿ. ಕಂಪ್ಯೂಟರ್ ಅಂಗಡಿಗಿಂತ ಊರಿನ ಟಿವಿ ರಿಪೇರಿಯವರೇ ಇದನ್ನು ಚೆನ್ನಾಗಿ ಬಲ್ಲರು. ಅಂತಹವರ ಸಂಖ್ಯೆ ಕಡಿಮೆಯಾಗುತ್ತಿದೆ, ಸಿಕ್ಕಿದರೆ ಬಿಡಬೇಡಿ.

ಆದರೆ ಇದನ್ನು ನೀವೇ ಮಾಡಲು ಹೊರಡಬೇಡಿ. ಮಾನಿಟರ್‌ನ ಹಿಂಬದಿಯನ್ನೂ ಕಂಪ್ಯೂಟರ್‌ನ ವಿದ್ಯುತ್ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ್ನೂ ಮನೆಯಲ್ಲಿ ಬಿಚ್ಚಲೇಬಾರದು. ಪ್ಲಗ್ ಕಳಚಿದ ಮೇಲೂ ಅವುಗಳೊಳಗೆ ವಿದ್ಯುತ್ ಉಳಿದಿರುತ್ತದೆ. ಹಳೆಯ ದಪ್ಪ ಗಾಜಿನ ಮಾನಿಟರ್‌ಗಳಲ್ಲಂತೂ ಅದು ಇಪ್ಪತ್ತು ಸಾವಿರ ವೋಲ್ಟಿನಷ್ಟಿರುತ್ತದೆ.

ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆಯುವುದಕ್ಕೆ ಮಾತ್ರ ಹೆದರಬೇಕಾಗಿಲ್ಲ. ಪ್ಲಗ್ ಕಳಚಿ, ಆನ್ ಮಾಡುವ ಗುಂಡಿಯನ್ನು ಒಮ್ಮೆ ಒತ್ತಿ ಹಿಡಿದು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಕೈಯಿಂದ ಮುಟ್ಟಿ ಆರಂಭಿಸಿರಿ. ನಮ್ಮ ಮೈಯ ಸ್ಥಾಯಿ ವಿದ್ಯುತ್ತು ಚಿಪ್‌ಗಳನ್ನು ಸುಡಬಾರದೆಂದು ಈ ಎಚ್ಚರ. ನಮ್ಮ ಕರಾವಳಿಯ ತೇವ ಮತ್ತು ಉಪ್ಪು ಗಾಳಿಗೆ ರ‍್ಯಾಮ್ ಪಟ್ಟಿಯ ಲೋಹದ ಹಲ್ಲುಗಳು ಬೇಗನೆ ಮಸುಕಾಗುತ್ತವೆ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು ಎಂಬ ದೂರುಗಳಲ್ಲಿ ಎಷ್ಟೋ ಇದರಿಂದಲೇ ಬರುತ್ತವೆ. ಮಳೆಗಾಲದಲ್ಲಿ ಎರಡು ತಿಂಗಳು ಮುಚ್ಚಿಟ್ಟು, ಶಾಲೆ ಪರೀಕ್ಷೆ ಹತ್ತಿರ ಬಂತೆಂದು ತೆರೆದಾಗಲಂತೂ ಇದು ಖಂಡಿತ ಎನ್ನುವಷ್ಟು ಸಾಮಾನ್ಯ. ಪಟ್ಟಿಯ ಎರಡೂ ತುದಿಯ ಕೊಂಡಿ ಸರಿಸಿ ಹೊರ ತೆಗೆದು, ಮಕ್ಕಳ ಮೆತ್ತನೆಯ ಪೆನ್ಸಿಲ್ ರಬ್ಬರ್‌ನಿಂದ ಹಲ್ಲುಗಳನ್ನು ಹಗುರವಾಗಿ ಉಜ್ಜಿ, ಪುಡಿಯನ್ನು ಚೆನ್ನಾಗಿ ಕೊಡವಿ, 'ಟಕ್' ಎಂಬ ಸದ್ದು ಬರುವಂತೆ ಮತ್ತೆ ಕೂರಿಸಿರಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿರಿ. ಗ್ರಾಫಿಕ್ಸ್ ಕಾರ್ಡನ್ನೂ ಹೀಗೆಯೇ ತೆಗೆದು ಕೂರಿಸಬಹುದು. ಅದಕ್ಕೆ ಬೇರೆ ವಿದ್ಯುತ್ ತಂತಿ ಜೋಡಿಸುವ ಜಾಗವಿದ್ದರೆ ಆ ತಂತಿ ಸರಿಯಾಗಿ ಕೂತಿರಬೇಕು. ಈಚಿನ ಅನೇಕ ಮದರ್‌ಬೋರ್ಡ್‌ಗಳಲ್ಲಿ ನಾಲ್ಕು ಪುಟ್ಟ ದೀಪಗಳಿದ್ದು, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಡಿಸ್ಕ್ ಇವುಗಳಲ್ಲಿ ಯಾವುದರ ಬಳಿ ಕೆಲಸ ನಿಂತಿತೆಂದು ತೋರಿಸುತ್ತವೆ. ಹಳೆಯವು 'ಬೀಪ್' ಎಂದು ಕೂಗಿ ಹೇಳುತ್ತಿದ್ದವು. ಎಷ್ಟು ಸಲ ಕೂಗಿತು, ಉದ್ದವೋ ಗಿಡ್ಡವೋ ಎಂದು ಬರೆದಿಟ್ಟುಕೊಳ್ಳಿರಿ, ರಿಪೇರಿಯವನಿಗೆ ಅದು ಅರ್ಧ ಉತ್ತರ.

ಲಾಂಛನ ಬಂತು, ಆಮೇಲೆ ಕತ್ತಲು

ತಯಾರಕರ ಲಾಂಛನ ಚೆನ್ನಾಗಿ ಮೂಡಿ, ವಿಂಡೋಸ್ ತೆರೆಯುವ ಹೊತ್ತಿಗೆ ಪರದೆ ಕೆಟ್ಟರೆ ವಿಷಯ ಬೇರೆ. ಇಲ್ಲಿ ಹೆಚ್ಚಾಗಿ ದುಭಾಷಿಯೇ ತಪ್ಪು ಮಾತಾಡುತ್ತಿರುತ್ತಾನೆ. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಡ್ರೈವರ್ ಮರು ಆರಂಭವಾಗುತ್ತದೆ. ತೆರೆದಿಟ್ಟ ಕೆಲಸವೇನೂ ಹಾಳಾಗುವುದಿಲ್ಲ. ವಿಂಡೋಸ್ ಮತ್ತು ಪಿ ಕೀಲಿಯನ್ನು ಕೂಡಾ ನೋಡಬೇಕು. ಪ್ರೊಜೆಕ್ಟರ್‌ಗೆ ಜೋಡಿಸಿದ ಮೇಲೆ 'ಎರಡನೆಯ ಪರದೆ ಮಾತ್ರ' ಎಂಬ ಆಯ್ಕೆ ಹಾಗೆಯೇ ಉಳಿದರೆ ನಿಮ್ಮ ಪರದೆ ಕಪ್ಪಾಗಿಯೇ ಇರುತ್ತದೆ. ಚಿತ್ರ ತಲೆಕೆಳಗಾಗಿದೆಯೇ? ಮಕ್ಕಳು ಆಟವಾಡುತ್ತಾ ಕಂಟ್ರೋಲ್, ಆಲ್ಟ್ ಜೊತೆ ಬಾಣದ ಕೀಲಿ ಒತ್ತಿರುತ್ತಾರೆ. ಇಂಟೆಲ್‌ನ ಹಳೆಯ ಡ್ರೈವರ್‌ಗಳಲ್ಲಿ ಅದು ಪರದೆಯನ್ನು ತಿರುಗಿಸುತ್ತಿತ್ತು. ಅದೇ ಎರಡು ಕೀಲಿಗಳ ಜೊತೆ ಮೇಲ್ಮುಖದ ಬಾಣ ಒತ್ತಿದರೆ ನೆಟ್ಟಗಾಗುತ್ತದೆ. ಮಾನಿಟರನ್ನೇ ತಲೆಕೆಳಗು ಮಾಡಿಟ್ಟುಕೊಂಡು ಒಂದು ವಾರ ಕೆಲಸ ಮಾಡಿದ ಕಚೇರಿಯ ಕಥೆಯನ್ನು ನಾನು ಕೇಳಿದ್ದೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಇದಾವುದೂ ಫಲಿಸದಿದ್ದರೆ ಸೇಫ್ ಮೋಡ್. ಶಿಫ್ಟ್ ಕೀಲಿ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟರೆ ನೀಲಿ ಪುಟವೊಂದು ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಮುಂದುವರಿದು ಮತ್ತೆ ರೀಸ್ಟಾರ್ಟ್ ಕೊಡಬೇಕು. ಪಟ್ಟಿ ಬಂದಾಗ 3 ಒತ್ತಿದರೆ ಕಡಿಮೆ ರೆಸಲ್ಯೂಶನ್, 4 ಒತ್ತಿದರೆ ಸೇಫ್ ಮೋಡ್. ಪರದೆಯೇ ಕಾಣದಿದ್ದರೆ ಲಾಂಛನ ಬರುವಾಗ ಆನ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿರಿ. ಹೀಗೆ ಎರಡು ಮೂರು ಸಲ ಆದಾಗ ಆ ಪುಟ ತಾನಾಗಿಯೇ ಬರುತ್ತದೆ. ಸೇಫ್ ಮೋಡ್‌ನಲ್ಲಿ ವಿಂಡೋಸ್ ತನ್ನದೇ ಸರಳ ಡ್ರೈವರ್ ಬಳಸುತ್ತದೆ. ಅಲ್ಲಿ ಚಿತ್ರ ಸರಿಯಾಗಿದ್ದರೆ ಅಪರಾಧಿ ಯಾರೆಂದು ಬಹುತೇಕ ತಿಳಿದಂತೆಯೇ. ಡಿವೈಸ್ ಮ್ಯಾನೇಜರ್‌ನಲ್ಲಿ 'ಡಿಸ್ಪ್ಲೇ ಅಡಾಪ್ಟರ್ಸ್' ತೆರೆದು 'ರೋಲ್ ಬ್ಯಾಕ್ ಡ್ರೈವರ್' ಕೊಟ್ಟರೆ ಹಿಂದಿನ ಡ್ರೈವರ್ ಮರಳುತ್ತದೆ. ಆ ಗುಂಡಿ ಮಸುಕಾಗಿದ್ದರೆ ಅಲ್ಲಿಂದ ಡ್ರೈವರ್ ತೆಗೆದು, ಲ್ಯಾಪ್‌ಟಾಪ್ ತಯಾರಕರ ಅಥವಾ ಇಂಟೆಲ್, ಎಎಂಡಿ, ಎನ್ವಿಡಿಯಾ ಕಂಪೆನಿಗಳ ಸ್ವಂತ ತಾಣದಿಂದ ಇಳಿಸಿಕೊಳ್ಳಬೇಕು. ಉಚಿತವಾಗಿ ಎಲ್ಲ ಡ್ರೈವರ್ ಹಾಕಿ ಕೊಡುತ್ತೇವೆ ಎನ್ನುವ ಬೇರೆ ತಾಣಗಳ ಬಾಗಿಲಿಗೂ ಹೋಗಬಾರದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರಿಂದಲೇ ನಿಮ್ಮ ಪರದೆ ಕಪ್ಪಾಯಿತು, ಹೊಸ ಯಂತ್ರ ಕೊಳ್ಳಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಂಬಲ ನಿಂತರೆ ಭದ್ರತೆ ದುರ್ಬಲವಾಗುತ್ತದೆ, ಬ್ಯಾಂಕ್ ವ್ಯವಹಾರಕ್ಕೆ ಅದು ತಕ್ಕುದಲ್ಲ ಎಂಬುದು ನಿಜ. ಆದರೆ ಚಿತ್ರ ನಿಲ್ಲುವುದಿಲ್ಲ. ಹಾಗೆಯೇ ಹಳೆಯ ನುಡಿ ಫಾಂಟ್‌ನ ಕಡತ ವಿಚಿತ್ರ ಅಕ್ಷರಗಳಾಗಿ ಕಂಡರೆ, ಉರ್ದು ಇನ್‌ಪೇಜ್ ಕಡತ ತೆರೆಯದಿದ್ದರೆ ಅದೂ ಪರದೆಯ ರೋಗವಲ್ಲ. ಆ ಫಾಂಟ್ ಅಥವಾ ಆ ತಂತ್ರಾಂಶ ನಿಮ್ಮಲ್ಲಿಲ್ಲ ಅಷ್ಟೇ.

ಒದ್ದೆ ಧಾನ್ಯ

ಪರದೆಯ ತುಂಬಾ ಬಣ್ಣದ ಚುಕ್ಕೆಗಳು, ಚದುರಂಗದ ಮಣೆಯಂತಹ ಚೌಕಗಳು ಲಾಂಛನದ ಹಂತದಲ್ಲೇ ಕಂಡರೆ ಗ್ರಾಫಿಕ್ಸ್ ಚಿಪ್ ಅಥವಾ ಅದರ ಮೆಮೊರಿಗೇ ಪೆಟ್ಟಾಗಿರುವ ಸಂಭವ ಹೆಚ್ಚು. ಆಟವಾಡುವಾಗ ಮಾತ್ರ ಹೀಗಾಗುತ್ತಿದ್ದರೆ ಮೊದಲು ಧೂಳು ನೋಡಿರಿ. ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರ್‌ನಿಂದ ಊದಿಸಿದರೆ ಅನೇಕ ಸಲ ಸರಿಯಾಗುತ್ತದೆ. ಚಿಪ್‌ಗೇ ಪೆಟ್ಟಾದಾಗ ಕೆಲವು ಕಡೆ ಅದನ್ನು ಬಿಸಿಗಾಳಿಯಲ್ಲಿ ಕಾಯಿಸಿ 'ರಿಪೇರಿ' ಮಾಡಿ ಸಾವಿರಾರು ರೂಪಾಯಿ ಪಡೆಯುತ್ತಾರೆ. ಬಿಸಿ ಮತ್ತು ತಣ್ಣಗಾಗುವ ಚಕ್ರದಲ್ಲಿ ಚಿಪ್‌ನೊಳಗಿನ ಅತಿ ಸಣ್ಣ ಬೆಸುಗೆಗಳು ಬಿರಿಯುವುದರಿಂದ ಈ ರೋಗ ಬರುತ್ತದೆ. 2008ರಲ್ಲಿ ಎನ್ವಿಡಿಯಾ ಕಂಪೆನಿಯೇ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ಇಂತಹ ದೋಷವನ್ನು ಒಪ್ಪಿಕೊಂಡು, ಅದರ ವೆಚ್ಚಕ್ಕೆಂದು 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತ್ತು. ಕಾಯಿಸಿದಾಗ ಬಿರುಕು ತಾತ್ಕಾಲಿಕವಾಗಿ ಕೂಡಿಕೊಳ್ಳುತ್ತದೆ, ಕೆಲವು ವಾರಗಳಲ್ಲಿ ಮತ್ತೆ ಬಿಡುತ್ತದೆ. ಇದನ್ನು ತಿಳಿಸಿ ಮಾಡುವುದು ಬೇರೆ, ಮುಚ್ಚಿಟ್ಟು ಮಾಡುವುದು ಬೇರೆ.

ಹಳೆಯ ಕಾರ್ಡ್‌ಗಳ ವ್ಯಾಪಾರದಲ್ಲೂ ಇದೇ ಮಾತು. ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ವ್ಯವಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ಬದಲಾದಾಗ, ಅದಕ್ಕಾಗಿ ಹಗಲು ರಾತ್ರಿ ದುಡಿದಿದ್ದ ಗ್ರಾಫಿಕ್ಸ್ ಕಾರ್ಡ್‌ಗಳು ರಾಶಿ ರಾಶಿಯಾಗಿ ಹಳೆಯ ಸಾಮಾನಿನ ಮಾರುಕಟ್ಟೆಗೆ ಬಂದವು. ಒರೆಸಿ ಹೊಳಪಿಸಿದರೆ ಅವು ಹೊಸತರಂತೆಯೇ ಕಾಣುತ್ತವೆ. ಹಳೆಯ ಕಾರ್ಡ್‌ಗೆ ಹೊಸ ಮಾದರಿಯ ಹೆಸರನ್ನು ತಂತ್ರಾಂಶದಿಂದ ತುಂಬಿ ಮಾರುವುದೂ ಉಂಟು. 'ಜಿಪಿಯು-ಝಡ್' ಎಂಬ ಉಚಿತ ತಂತ್ರಾಂಶ ಇಂತಹ ನಕಲಿಗಳಲ್ಲಿ ಹಲವನ್ನು ಗುರುತಿಸುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ಬೇರೆಲ್ಲೇ ಆಗಲಿ ಹಳೆಯ ಕಾರ್ಡ್ ಕೊಳ್ಳುವಾಗ ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ ತೋರಿಸಲು ಹೇಳಿರಿ.

ಪ್ರವಾದಿ ಮುಹಮ್ಮದ್(ಸ)ರು ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಿದ್ದುದು, ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದುದು, ಹಾಗಾದರೆ ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಅವರು ಕೇಳಿದುದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ವಂಚಿಸುವವನು ತಮ್ಮವನಲ್ಲವೆಂದೂ ಅವರು ತಿಳಿಸಿದರು. ಒದ್ದೆ ಧಾನ್ಯ ಮಾರಬಾರದೆಂದು ಅಲ್ಲಿ ಹೇಳಿಲ್ಲ ಎಂಬುದನ್ನು ಗಮನಿಸಬೇಕು. ಕಾಯಿಸಿದ ಚಿಪ್ಪನ್ನೂ ದುಡಿದು ದಣಿದ ಕಾರ್ಡನ್ನೂ ಮಾರಬಹುದು, ಒದ್ದೆಯಿರುವುದು ಮೇಲೆ ಕಾಣುವಂತಿರಬೇಕು. ನಮ್ಮ ಸಮುದಾಯದ ಎಷ್ಟೋ ಯುವಕರು ಇಂದು ಮೊಬೈಲ್ ಮತ್ತು ಕಂಪ್ಯೂಟರ್ ರಿಪೇರಿಯಿಂದ ಸಂಸಾರ ನಡೆಸುತ್ತಿದ್ದಾರೆ. ಗಿರಾಕಿಗೆ ತಿಳಿಯದ ವಿದ್ಯೆಯಲ್ಲಿ ದುಡಿಯುವವರ ಮೇಲೆ ಈ ಹೊಣೆ ತರಕಾರಿ ಮಾರುವವರಿಗಿಂತ ಹೆಚ್ಚು. ಬಾಡಿದ ಬೆಂಡೆಕಾಯಿಯನ್ನು ಗಿರಾಕಿಯೇ ಮುರಿದು ನೋಡುತ್ತಾನೆ, ಬಿರಿದ ಬೆಸುಗೆಯನ್ನು ನೋಡಲಾರ.

ಅಂಗಡಿಗೆ ಕೊಡುವ ಮುನ್ನ

ಪರದೆಯ ತುಂಬಾ ಎಚ್ಚರಿಕೆ ಮೂಡಿ, ಈ ಸಂಖ್ಯೆಗೆ ಕರೆ ಮಾಡಿ ಎಂದರೆ ಅದು ರಿಪೇರಿಯಲ್ಲ, ಬಲೆ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿರಿ.

ನಿಜವಾಗಿಯೂ ಅಂಗಡಿಗೆ ಕೊಡಬೇಕಾಗಿ ಬಂದರೆ ಡಿಸ್ಕನ್ನು ಮನೆಯಲ್ಲೇ ಉಳಿಸಿಕೊಳ್ಳಲು ಸಾಧ್ಯವೇ ನೋಡಿರಿ. ಪರದೆ, ರ‍್ಯಾಮ್, ಕಾರ್ಡ್, ಮದರ್‌ಬೋರ್ಡ್ ಇವನ್ನು ಪರೀಕ್ಷಿಸಲು ನಿಮ್ಮ ಡಿಸ್ಕ್ ಬೇಕಾಗಿಲ್ಲ, ವಿಂಡೋಸ್‌ನ ತನಕ ನೋಡಬೇಕೆಂದರೆ ಅಂಗಡಿಯವರಲ್ಲಿ ಅವರದೇ ಡಿಸ್ಕ್ ಇರುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಅದನ್ನು ಬಿಚ್ಚುವುದು ಎರಡು ತಂತಿ, ನಾಲ್ಕು ತಿರುಪಿನ ಕೆಲಸ. ಲ್ಯಾಪ್‌ಟಾಪ್ ಆದರೆ ಅಂಗಡಿಯವರಿಂದಲೇ ಕಣ್ಣ ಮುಂದೆ ತೆಗೆಸಿ ತರಬಹುದು.

ಈಚಿನ ವಿಂಡೋಸ್ 11 ಯಂತ್ರಗಳಲ್ಲಿ ಒಂದು ಎಚ್ಚರ ಬೇಕು. ಅನೇಕವುಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಯಲ್ಲಿ ಬೀಗ ಹಾಕಿಕೊಂಡಿರುತ್ತದೆ. ಮದರ್‌ಬೋರ್ಡ್ ಬದಲಾದರೆ, ಕೆಲವೊಮ್ಮೆ ಅದರ ಸೆಟ್ಟಿಂಗ್ ಬದಲಾದರೂ, 48 ಅಂಕಿಗಳ ರಿಕವರಿ ಕೀಲಿಯನ್ನು ಅದು ಕೇಳುತ್ತದೆ. ಕೀಲಿಯಿಲ್ಲದಿದ್ದರೆ ಡಿಸ್ಕ್ ನಿಮ್ಮ ಕೈಯಲ್ಲೇ ಇದ್ದರೂ ಫೋಟೋಗಳು ಹೋದಂತೆಯೇ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಯಂತ್ರ ಸರಿಯಿರುವಾಗಲೇ ಬರೆದು ಮನೆಯ ದಾಖಲೆಗಳ ಜೊತೆ ಇಟ್ಟುಕೊಳ್ಳಿರಿ. ಮುಖ್ಯ ಫೋಟೋಗಳ ಇನ್ನೊಂದು ಪ್ರತಿ ಬೇರೊಂದು ಡಿಸ್ಕ್‌ನಲ್ಲಿ, ಬೇರೆ ಕಪಾಟಿನಲ್ಲಿರಲಿ.

ಅಂಗಡಿಯವರಿಗೆ ಒಂದು ಚೀಟಿ ಬರೆದು ಕೊಡಿರಿ: ಕ್ಯಾಪ್ಸ್ ಲಾಕ್ ದೀಪ ಉರಿಯಿತೇ, ಲಾಂಛನ ಬಂತೇ, ಟಿವಿಯಲ್ಲಿ ಚಿತ್ರ ಕಂಡಿತೇ, ಯಾವ ಕೇಬಲ್ ಬದಲಿಸಿ ನೋಡಿದಿರಿ. ನಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು, ಬದಲಿಸಿದ ಹಳೆಯ ಭಾಗವನ್ನು ಮರಳಿಸಬೇಕು ಎಂಬ ಎರಡು ಸಾಲು ಕೆಳಗೆ ಸೇರಿಸಿರಿ. ಪ್ರಾಮಾಣಿಕ ರಿಪೇರಿಯವನಿಗೆ ಇದರಿಂದ ಬೇಸರವಾಗುವುದಿಲ್ಲ, ಅವನ ಅರ್ಧ ದಿನ ಉಳಿಯುತ್ತದೆ.

ಸಿಡಿಲಿನ ದಿನಗಳಲ್ಲಿ ಪ್ಲಗ್ ಮಾತ್ರವಲ್ಲ, ಇಂಟರ್‌ನೆಟ್‌ನ ತಂತಿಯನ್ನೂ ಕಳಚಿಡಬೇಕು. ಸಿಡಿಲಿನ ಏಟು ಆ ದಾರಿಯಲ್ಲೂ ಬಂದೀತು. ಇನ್ನು ರಿಪೇರಿಯಾಗದೆ ಉಳಿದ ಮಾನಿಟರನ್ನು ತೋಟದ ಮೂಲೆಗೆ ಎಸೆಯಬೇಡಿ. ದಪ್ಪ ಗಾಜಿನವುಗಳಲ್ಲಿ ಸೀಸವಿದೆ, ಹಳೆಯ ಎಲ್‌ಸಿಡಿಯ ದೀಪದ ಕೊಳವೆಗಳಲ್ಲಿ ಪಾದರಸವಿದೆ. ಎರಡೂ ಬಾವಿಯ ನೀರಿಗೆ ಒಳ್ಳೆಯವಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಸಂಸ್ಕರಣಾ ಘಟಕಗಳಿಗೇ ಅವು ಸೇರಬೇಕು. ಕಂಪ್ಯೂಟರ್ ಪೆಟ್ಟಿಗೆಯನ್ನೂ ಕೊಡುವುದಾದರೆ, ಡಿಸ್ಕ್ ಬಿಚ್ಚಿಟ್ಟುಕೊಂಡ ಮೇಲೆ ಕೊಡಿರಿ.